ಸೋಮವಾರದ ಮಡಿಲಕ್ಕಿ

ರಾಜಾಜಿನಗರ,
ಬುಧವಾರ, 27 ಆಗಸ್ಟ್ 1986

ನನ್ನ ಮುದ್ದಿನ ಶಿವಕ್ಕನಿಗೆ, ಈ ಮನೆಯ ಕಿರಿ ಸೊಸೆ ಮಂಗಳಾಳ ಸಾವಿರ ನಮಸ್ಕಾರ, ಸಾವಿರ ಮುತ್ತು.

ಮುತ್ತು ಎಂದು ಬರೆದಿದ್ದಕ್ಕೆ ಅತ್ತೆ ಎದುರಿಗೇ ಕೂತು "ಇದೇನವ್ವಾ, ಸಿನಿಮಾದಾಗಿನ ಪತ್ರ ಆತಲ್ಲ" ಎಂದು ನಗುತ್ತಿದ್ದಾರೆ. ಬರೆಯುತ್ತಾ ಬರೆಯುತ್ತಾ ಅವರಿಗೆ ಓದಿ ಹೇಳಬೇಕೆಂದು ಮಾತಾಗಿದೆ. ಕಾನ್ವೆಂಟಿನಲ್ಲಿ ಓದಿದವಳ ಕನ್ನಡ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮದುವೆಯಾಗಿ ನಾಲ್ಕು ತಿಂಗಳಾದರೂ ನನಗೆ ಎಲ್ಲವೂ ಮಡಿಕೆ ಬಿಚ್ಚದ ಹೊಸ ಸೀರೆಯ ಹಾಗೆ ಗರಿಗರಿಯಾಗಿಯೇ ಇದೆ ಶಿವಕ್ಕ. ಇವರು ವರ್ಕ್‌ಶಾಪಿನಿಂದ ಬರುವಾಗ ಮಲ್ಲಿಗೆ ತರುತ್ತಾರೆ. ಹೂವಿನ ಜೊತೆ ಲೇತಿನ ಎಣ್ಣೆಯ ವಾಸನೆಯೂ ಬರುತ್ತದೆ, ಈಗ ನನಗೆ ಅದೇ ಇಷ್ಟ. ಹೋದ ತಿಂಗಳು ಸಿನಿಮಾಕ್ಕೆ ಹೋದಾಗ ಹೋಟೆಲಿನಲ್ಲಿ ದೋಸೆ ತಿಂದು ನನ್ನ ಬೆರಳೆಲ್ಲ ತುಪ್ಪವಾಗಿತ್ತು. ಎಲ್ಲರ ಎದುರಿಗೆ ತಮ್ಮ ಕರ್ಚೀಫಿನಿಂದ ಒಂದೊಂದೇ ಬೆರಳು ಒರೆಸಿದರು. ಈ ಸಾಲನ್ನು ಅತ್ತೆಗೆ ಓದಲಿಲ್ಲ.

ನೀವಿಲ್ಲದೆ ಮನೆ ಬಿಕೋ ಎನ್ನುತ್ತಿದೆ. ನನ್ನ ಸಾರಿಗೆ ಉಪ್ಪು ನೋಡುವವರಿಲ್ಲ. ಭಾವನವರು ಪೂರ್ತಿ ಬದಲಾಗಿದ್ದಾರೆ. ಕುಡಿತ ಬಿಟ್ಟಿದ್ದಾರೆ. ಶ್ರಾವಣವಾದ್ದರಿಂದ ಲಿಂಗಪೂಜೆಯಾಗದೆ ನೀರೂ ಮುಟ್ಟುವುದಿಲ್ಲ. ನಿಮ್ಮ ಹೆಸರೆತ್ತಿದರೆ ಕಣ್ಣು ತುಂಬಿಕೊಳ್ಳುತ್ತಾರೆ. ಗೌರಿ ಹಬ್ಬಕ್ಕೆ ದಾವಣಗೆರೆಯಿಂದ ನೆಂಟರೆಲ್ಲ ಬರುತ್ತಿದ್ದಾರೆ, ಹಿರಿ ಸೊಸೆ ಎಲ್ಲಿ ಎಂದು ಕೇಳಿದರೆ ಏನು ಹೇಳುವುದು? ಅದಕ್ಕೇ ಬರುವ ಸೋಮವಾರ ಕೆಂಗೇರಿಯ ನಿಮ್ಮ ಮಹಿಳಾ ನಿಲಯಕ್ಕೆ ನಾನೇ ಬರುತ್ತೇನೆ. ಅಕ್ಕಿ, ಬೆಲ್ಲ, ಕೊಬ್ಬರಿ, ಹಸಿರು ಬಳೆ, ಕುಪ್ಪಸದ ಖಣ, ಎಲ್ಲ ತಂದು ನಿಮ್ಮ ಮಡಿಲು ತುಂಬಿ ಕರೆತರುತ್ತೇನೆ. "ಮನಿ ಲಕ್ಷ್ಮಿ ಹೊರಗ ಇರಬಾರ್ದು ಅಂತ ಬರಿ" ಎನ್ನುತ್ತಿದ್ದಾರೆ ಅತ್ತೆ. ಬರೆದಿದ್ದೇನೆ.

ಇಷ್ಟನ್ನು ಓದಿ ಮುಗಿಸಿದೆ. ಅತ್ತೆ ಕಣ್ಣೊರೆಸಿಕೊಂಡು, "ಚಲೋ ಬರದಿ" ಎಂದು ನನ್ನ ತಲೆ ಸವರಿ, ಪಕ್ಕದ ಮನೆಗೆ ಹೋದರು. ಅವರ ಮಾತು ಮುಗಿಯುವುದರೊಳಗೆ ಉಳಿದದ್ದನ್ನು ಬರೆಯಬೇಕು.

ಶಿವಕ್ಕ, ಭಾವನವರು ಬದಲಾಗಿಲ್ಲ. ಕುಡಿತ ಬಿಟ್ಟಿದ್ದು ನಿಜ, ಒಂದು ವಾರ. ಶನಿವಾರ ನಿಮ್ಮ ಹೊಲಿಗೆ ಮಷೀನನ್ನು ವರ್ಕ್‌ಶಾಪಿನ ಮುನಿಯಣ್ಣನ ಹೆಗಲ ಮೇಲೆ ಹೊರಿಸಿ ಯಾರದೋ ಮನೆಗೆ ಕಳಿಸಿಬಿಟ್ಟರು. ಯಾಕೆ ಭಾವ, ಅಕ್ಕ ಬಂದಮೇಲೆ ಬೇಕಲ್ಲ ಎಂದೆ. "ಬರ್ಲಿ. ಬಂದ್ಮೇಲೆ ಅವಳ ಕೈಲಿ ಏನೂ ಇರಬಾರ್ದು. ಆಗ ಅದ್ಯಾವ ಕೆಂಗೇರಿಗೆ ಓಡ್ತಾಳೋ ನೋಡ್ತೀನಿ" ಎಂದರು. ಸಿಟ್ಟೇ ಇರಲಿಲ್ಲ ಶಿವಕ್ಕ, ಚಪಾತಿ ಮುರಿಯುತ್ತಾ ಹೇಳಿದರು. ಅದಕ್ಕೇ ನನಗೆ ಭಯವಾಯಿತು.

ಅದಕ್ಕೂ ಮೊದಲು, ಕಳೆದ ವಾರ, ನಾನೂ ಇವರೂ ನಿಲಯಕ್ಕೆ ಬಂದಿದ್ದೆವು. ನಿಮ್ಮನ್ನು ಕರೆಸಲಿಲ್ಲ. ವಾರ್ಡನ್ ಅಕ್ಕಯ್ಯಮ್ಮನವರು ಇವರಿಗೆ ಕುರ್ಚಿಯನ್ನೂ ತೋರಿಸಲಿಲ್ಲ. "ಗಂಡಸ್ರು ಬರ್ಕೊಟ್ಟ ಮಾತು ಬೀರು ತುಂಬಾ ಇದೆ ಸಾರ್. ಇಲಿಗಳಿಗೂ ಬೇಜಾರಾಗಿದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೋಡಮ್ಮಾ, ನಮ್ಮಲ್ಲಿ ಒಂದು ಪದ್ಧತಿ. ಗಂಡನ ಮನೆ ಹೆಂಗಸೊಬ್ಳು ಬಂದು, ನಮ್ಮೆದುರಿಗೆ ಮಡಿಲು ತುಂಬಿ, ಇವಳನ್ನ ನಾನು ನೋಡ್ಕೋತೀನಿ ಅನ್ಬೇಕು. ಅವಳು ಸೆರಗು ಒಡ್ಡಿದ್ರೆ ಕಳಿಸ್ತೀವಿ, ಒಡ್ಡದಿದ್ರೆ ಇಲ್ಲ. ಮಡಿಲಕ್ಕಿ ಕೈಲಿ ಹಿಡ್ಕೊಂಡು ಸುಳ್ಳು ಹೇಳೋ ಹೆಂಗಸನ್ನ ನಾನಿನ್ನೂ ನೋಡಿಲ್ಲ" ಎಂದರು. ಹಾಗೆ ಒಮ್ಮೆ ಹೋದವರನ್ನು ಮತ್ತೆ ಸೇರಿಸಿಕೊಳ್ಳುವುದಿಲ್ಲವಂತೆ. ಚಾಪೆಗಳು ಕಡಿಮೆ, ಗೇಟಿನಲ್ಲಿ ಕಾಯುವವರು ಹೆಚ್ಚು.

ನಾನು ಅವರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದೆ, ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಮಾತಾಡುತ್ತಿದ್ದೆನಲ್ಲ, ಹಾಗೆ. ಬಿಗಿದುಕೊಂಡಿದ್ದ ಅವರ ಮುಖ ಸಡಿಲವಾಯಿತು. ಬಸ್ಸಿನಲ್ಲಿ ಇವರು, "ಈ ಕೆಲ್ಸಕ್ಕೆ ನೀನೇ ಸರಿ ಕಣೇ, ನಿನ್ ಮುಖ ನೋಡಿ ಯಾರೂ ಇಲ್ಲ ಅನ್ನಲ್ಲ" ಎಂದರು. ಮನೆ ಬರುವವರೆಗೂ ನಾನು ಹೆಮ್ಮೆಯಿಂದ ಬೀಗುತ್ತಿದ್ದೆ.

ನನ್ನ ಮದುವೆಯ ಹೊಸತರಲ್ಲಿ ಯಾರಾದರೂ ಮಾತಾಡಿಸಿದರೆ ನೀವು ಕತ್ತು ಓರೆ ಮಾಡಿ ಬಲಗಿವಿ ಕೊಡುತ್ತಿದ್ದಿರಿ. ಅಬ್ಬಾ ಏನು ಗತ್ತು ಎಂದುಕೊಂಡು ಕನ್ನಡಿಯ ಮುಂದೆ ನಾನೂ ಕತ್ತು ಓರೆ ಮಾಡಿ ನೋಡಿಕೊಂಡಿದ್ದೆ. ನೀವು ಹೋದಮೇಲೆ ಪಾತ್ರೆ ತೊಳೆಯುವ ಅಂಜಮ್ಮ ಹೇಳಿದಳು, ನಿಮ್ಮ ಎಡಗಿವಿಗೆ ಏನೂ ಕೇಳಿಸುವುದಿಲ್ಲ, ಅದು ಭಾವನವರ ಕೈ ಎಂದು. ನಮ್ಮಮ್ಮನಿಗೆ ಫೋನಿನಲ್ಲಿ ಹೇಳಿದೆ. "ಅವರ ಮನೆ ಜಗಳ ಪುಟ್ಟಾ, ನೀನು ಹೊಸಬಳು, ಬಾಯಿ ಹಾಕ್ಬೇಡ" ಎಂದು ಹೇಳಿ, ದೀಪಾವಳಿಗೆ ಅಳಿಯಂದಿರಿಗೆ ಗಡಿಯಾರ ಕೊಡೋಣವೇ, ಉಂಗುರವೇ ಎಂದು ಕೇಳಿದರು.

ಭಾನುವಾರ ಬೆಳಿಗ್ಗೆ ಇವರಿಗೆ ಹೇಳಿದೆ, ಮಡಿಲು ತುಂಬುವುದಕ್ಕೆ ನಾನು ಹೋಗಲಾರೆ ಎಂದು. ಇವರು ಬಹಳ ಬೇಜಾರು ಮಾಡಿಕೊಂಡರು. ಪಾಪ, ಅವರದ್ದೂ ಕಷ್ಟವೇ. ವರ್ಕ್‌ಶಾಪು, ಮನೆ, ಎಲ್ಲ ಅಣ್ಣನ ಹೆಸರಿನಲ್ಲಿದೆ. ಆಮೇಲೆ ಸಮಾಧಾನವಾಯಿತು. ಸಂಜೆ ಮೈಸೂರುಪಾಕು ತಂದು ತಾವೇ ತಿನ್ನಿಸಿದರು. ಹೋಗುತ್ತೇನೆ ಎಂದೆ.

ಹಾಗಾಗಿ ಸೋಮವಾರ ನಾನು ಬರುವುದು ತಪ್ಪುವುದಿಲ್ಲ. ಭಾವನವರೂ ಇವರೂ ಬೆಂಚಿನ ಮೇಲೆ ಕೂತಿರುತ್ತಾರೆ. ನಾನು ಧಾರೆಯ ಸೀರೆ ಉಟ್ಟು ನಗುತ್ತಿರುತ್ತೇನೆ. ನಾನು ನೋಡಿಕೊಳ್ಳುತ್ತೇನೆ ಅಕ್ಕ, ಬನ್ನಿ ಎನ್ನುತ್ತೇನೆ. ನನ್ನನ್ನು ನಾನು ಬಲ್ಲೆ, ತುಂಬಾ ಚೆನ್ನಾಗಿ ಹೇಳುತ್ತೇನೆ. ನೀವು ಸೆರಗು ಒಡ್ಡಬೇಡಿ. ಕೈ ಕಟ್ಟಿಕೊಂಡು ನಿಂತುಬಿಡಿ. ನಾನು ಅತ್ತರೂ ಒಡ್ಡಬೇಡಿ. ಮೊರ ವಾಲಿ ಅಕ್ಕಿ ನೆಲಕ್ಕೆ ಚೆಲ್ಲಿದರೆ ಅಪಶಕುನ ಎಂದು ಬಗ್ಗಿ ಬಾಚಬೇಡಿ. ನಾನೇ ಬಾಚಿಕೊಳ್ಳುತ್ತೇನೆ.

ಈ ಕಾಗದವನ್ನು ಅಕ್ಕಯ್ಯಮ್ಮನವರಿಗೆ ತೋರಿಸಬೇಡಿ. ಅವರು ಎಲ್ಲರ ಎದುರಿಗೆ, ಇದು ನೀನು ಬರೆದದ್ದೇನಮ್ಮಾ ಎಂದು ಕೇಳುತ್ತಾರೆ. ನಾನಲ್ಲ ಎಂದುಬಿಡುತ್ತೇನೆ.

ನೀವು ಬರದಿದ್ದರೆ ನನಗೇನಾಗುತ್ತದೋ ಎಂದು ಯೋಚಿಸಬೇಡಿ. ಇವರು ಭಾವನವರ ಹಾಗಲ್ಲ. ಓದಿದವರು. ತಕ್ಷಣ ಅತ್ತುಬಿಡುತ್ತಾರೆ, ಕಾಲು ಹಿಡಿಯುವುದಕ್ಕೂ ಬರುತ್ತಾರೆ. ಹಾಗೆ ಅಳುವವರನ್ನು ಕೆಟ್ಟವರೆನ್ನಲು ಆಗುತ್ತದೆಯೇ? ಭಾವನವರೂ ಮೊದಮೊದಲು ನಿಮ್ಮ ಮುಂದೆ ಅಳುತ್ತಿದ್ದರೇ ಎಂದು ಅಂಜಮ್ಮನನ್ನು ಕೇಳಬೇಕೆಂದುಕೊಂಡೆ, ಕೇಳಲಿಲ್ಲ.

ಅತ್ತೆಯ ಚಪ್ಪಲಿ ಸದ್ದು ಕೇಳಿಸಿದ ಹಾಗಾಯಿತು. ಲಕೋಟೆ ಅಂಟಿಸುತ್ತಿದ್ದೇನೆ.

ನಿಮ್ಮನ್ನು ಬಹಳ ಬಹಳ ಪ್ರೀತಿಸುವ,
ಮಂಗಳಾ

ತಾ.ಕ.: ಚಪ್ಪಲಿ ಸದ್ದಲ್ಲ, ಅತ್ತೆ ಇನ್ನೂ ಬಂದಿಲ್ಲ. ಒಂದು ವಿಷಯ ಕೇಳಬೇಕಿತ್ತು. ನಿಮ್ಮ ಎಡಗಿವಿಯಲ್ಲಿ ಮೊದಲು ಸದ್ದು ಬರುತ್ತಿತ್ತೇ, ಕುಕ್ಕರ್ ಕೂಗುವುದಕ್ಕೆ ಮುಂಚೆ ಸಣ್ಣಗೆ ಸುಯ್ಯೆನ್ನುತ್ತದಲ್ಲ, ಹಾಗೆ? ನನಗೆ ಭಾನುವಾರದಿಂದ ಬರುತ್ತಿದೆ. ತಲೆಗೆ ನೀರು ಹಾಕಿಕೊಳ್ಳುವಾಗ ನೀರು ಹೊಕ್ಕಿರಬೇಕು ಎನ್ನುತ್ತಾರೆ ಅತ್ತೆ. ನಿಮಗೆ ಅದು ನಿಂತು ವಾಸಿಯಾಗಿತ್ತೇ, ಅಥವಾ ಅದು ನಿಂತಮೇಲೇ ಏನೂ ಕೇಳಿಸದಾಯಿತೇ? ಉತ್ತರ ಬರೆಯಬೇಡಿ, ಇಲ್ಲಿ ನನ್ನ ಕಾಗದಗಳನ್ನು ಒಡೆದು ಕೊಡುತ್ತಾರೆ. ಸೋಮವಾರ ಕುಂಕುಮ ಇಡುವುದಕ್ಕೆ ಹತ್ತಿರ ಬಂದಾಗ ಮೆಲ್ಲಗೆ ಹೇಳಿ. ಬಲಗಿವಿಗೆ ಹೇಳಿ.