ಬಾರದ ಕಾರ್ಖಾನೆ, ಹೋದ ಸಾಯಿಮಾ

ಒಪ್ಪಂದಗಳಿಗೆ ಸಹಿ ಹಾಕುವ ಮಾನ್ಯರೇ,

ನಮ್ಮವರು ಪರದೇಶಕ್ಕೆ ಹೋಗುವುದನ್ನು ತಡೆಯಲು ನೀವು ಮಾಡಿಕೊಂಡ ಒಪ್ಪಂದವೇ ನನ್ನ ವಿದ್ಯಾರ್ಥಿನಿ ಸಾಯಿಮಾಳನ್ನು ಪರದೇಶಕ್ಕೆ ಕಳಿಸಿದೆ. ಹತ್ತೊಂಬತ್ತು ದಿನಗಳಿಂದ ಅವಳ ಫೋನು ಬಂದ್ ಆಗಿದೆ.

ನಮ್ಮದು, ಕೊಲ್ಲಿಯ ಒಂದು ದೇಶದ್ದು, ಎರಡು ಸರಕಾರಗಳು ಸೇರಿ ಶಿರಹಟ್ಟಿ ಹತ್ತಿರ ಸಿದ್ಧ ಉಡುಪಿನ ಕಾರ್ಖಾನೆ ತೆರೆಯುತ್ತವೆ, ಇಲ್ಲೇ ಕೆಲಸ ಸಿಕ್ಕರೆ ಯಾರೂ ಕೊಲ್ಲಿ ದೇಶಗಳ ದಾರಿ ಹಿಡಿಯುವುದಿಲ್ಲ ಎಂದು ಮೂರು ವರ್ಷದ ಹಿಂದೆ ಲಕ್ಷ್ಮೇಶ್ವರದ ವೇದಿಕೆಯಲ್ಲಿ ಹೇಳಿದಿರಿ. ಮುಂದಿನ ಸಾಲಿನಲ್ಲಿ ಕೂತು ನಾನೂ ಚಪ್ಪಾಳೆ ತಟ್ಟಿದೆ. ಕಾರ್ಖಾನೆಗಿಂತ ಮೊದಲು ತರಬೇತಿ ಕೇಂದ್ರ ಬಂತು. ನಾನು ಅದರ ಹೊಲಿಗೆ ಶಿಕ್ಷಕಿಯಾದೆ. ಅರವತ್ತು ಹೆಣ್ಣುಮಕ್ಕಳಿಗೆ ಕಾಲರು, ಕಾಜಾ, ಜೇಬು ಕಲಿಸಿದೆ. ಎರಡೂ ದೇಶಗಳ ಮುದ್ರೆಯಿದ್ದ ಪ್ರಮಾಣಪತ್ರ ಹಂಚಿದೆವು. ಕಾರ್ಖಾನೆ ಮಾತ್ರ ಬರಲಿಲ್ಲ. ಅದರ ಜಾಗದಲ್ಲಿ ಶಿಲಾನ್ಯಾಸದ ಕಲ್ಲಿದೆ, ಸುತ್ತ ಜಾಲಿ ಬೆಳೆದಿದೆ.

ಬಂದವನು ಏಜೆಂಟ, ಒಪ್ಪಂದದ ಆ ಕೊಲ್ಲಿ ದೇಶದಲ್ಲೇ ಹೊಲಿಗೆ ಕೆಲಸ ಕೊಡಿಸುತ್ತೇನೆ ಎನ್ನುತ್ತ. ಅರವತ್ತೂ ಮಂದಿಯ ಹೆಸರು, ಫೋನ್ ನಂಬರು ಅವನ ಕೈಯಲ್ಲಿದ್ದವು. ಆ ಪಟ್ಟಿ ನಮ್ಮ ಕೇಂದ್ರ ಮತ್ತು ನಿಮ್ಮ ಕಚೇರಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಅವನಿಗೆ ಕೊಟ್ಟವರು ಯಾರು ಎಂದು ಕೇಳುವುದೂ ಅಪರಾಧವೇ?

ಮುಳಗುಂದದ ಸಾಯಿಮಾ ನನ್ನನ್ನು ಕೇಳಲು ಬಂದಳು. "ಟೀಚರ್, ಹೋಗ್ಲೇನ್ರಿ? ಪ್ರಮಾಣಪತ್ರದಾಗ ಎರಡೂ ಸರಕಾರದ ಸಿಕ್ಕಾ ಐತಿ, ಮೋಸ ಆಗೂದಿಲ್ಲಂತ."

"ಸರಕಾರದ ಕಾಗದ ಐತಿ, ಹೋಗವ್ವಾ" ಅಂದವಳು ನಾನೇ.

ಅವಳ ಕೊನೆಯ ಕರೆ ಬಂದಾಗ ದನಿ ಪಿಸುಗುಡುತ್ತಿತ್ತು. "ಇಲ್ಲಿ ಮಶಿನ್ ಇಲ್ರಿ ಟೀಚರ್. ಮನಿಗೆಲಸಕ್ಕ ಹಚ್ಚ್ಯಾರ. ಪಾಸ್‌ಪೋರ್ಟ್ ಕಸಗೊಂಡಾರ. ಹೊರಗಿಂದ ಕೀಲಿ ಹಾಕ್ತಾರ. ಅಮ್ಮಾಗ ಹೇಳಬ್ಯಾಡ್ರಿ." ಹಿಂದೆ ಯಾರೋ ಕೂಗಿದರು. ಫೋನು ಕಟ್ಟಾಯಿತು.

ನಾನು ಹೇಳಿದೆ. ಅವಳ ತಾಯಿ ಅಮೀನಬಿ ಅಳಲಿಲ್ಲ, ಬಯ್ಯಲೂ ಇಲ್ಲ. "ನೀವೂ ನಂಬಿದ್ರಿ, ಬಿಡ್ರಿ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಿಮ್ಮ ಕಚೇರಿಗೆ ಹೋದರೆ "ಇದು ಒಪ್ಪಂದದ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಉತ್ತರ ಸಿಕ್ಕಿತು. ಎಂಥ ಸೊಗಸಾದ ಒಪ್ಪಂದ! ಜಮೀನಿಗೆ, ತೆರಿಗೆ ರಿಯಾಯಿತಿಗೆ, ಸರಕು ಸಾಗಣೆಗೆ ಅದರಲ್ಲಿ ಕಲಮುಗಳಿವೆ. ದುಡಿಯುವವರಿಗೆ ಒಂದೂ ಇಲ್ಲ. ಒಪ್ಪಂದಗಳೇ ದಂಡ ಎನ್ನುವವಳಲ್ಲ ನಾನು. ಕಾರ್ಖಾನೆ ನಿಜಕ್ಕೂ ಬಂದಿದ್ದರೆ ಸಾಯಿಮಾ ಈ ಹೊತ್ತು ಶಿರಹಟ್ಟಿಯಲ್ಲಿ ಅಂಗಿ ಹೊಲಿಯುತ್ತಿದ್ದಳು. ಕೆಲಸ ಕೊಡದೆ ಕೆಲಸಗಾರರನ್ನಷ್ಟೇ ತಯಾರು ಮಾಡಿದರೆ ಅವರು ಎಲ್ಲಿಗೆ ಹೋಗಬೇಕು?

ಬರುವ ಶುಕ್ರವಾರ ಇನ್ನೂ ಹನ್ನೊಂದು ಮಂದಿ ಹೊರಡುತ್ತಿದ್ದಾರೆ, ಅದೇ ಏಜೆಂಟನ ಜೊತೆ. ಅವರಲ್ಲೊಬ್ಬಳಾದ ಹಿರೇವಡ್ಡಟ್ಟಿಯ ಅಂಕಿತಾ ನಿನ್ನೆ ಪೇಡೆ ತಂದಿದ್ದಳು. ಸಾಯಿಮಾಳ ಸುದ್ದಿಯನ್ನೆಲ್ಲ ಹೇಳಿ, ಹೋಗಬೇಡ ಎಂದೆ. "ಎಲ್ಲಾರ ನಸೀಬ ಒಂದ ಇರತೈತೇನ್ರಿ? ಇಲ್ಲಿದ್ದು ಏನ್ ಮಾಡ್ಲಿ?" ಎಂದಳು.

ಆ ದೇಶದ ನಮ್ಮ ರಾಯಭಾರ ಕಚೇರಿಯವರು ಇಂದೇ ಸಾಯಿಮಾಳನ್ನು ಹುಡುಕಲಿ. ಹನ್ನೊಂದು ಮಂದಿಯ ಪ್ರಯಾಣ ನಿಲ್ಲಿಸಿ. ನಿಲ್ಲಿಸುವುದು ಆಗದಿದ್ದರೆ ಶುಕ್ರವಾರ ನೀವೇ ಖುದ್ದಾಗಿ ಬಂದು, ಅಂಕಿತಾಳ ಮುಖ ನೋಡಿ, ಕೈಬೀಸಿ ಬೀಳ್ಕೊಡಿ.

ಇಂತಿ,
ಚೆನ್ನಾಗಿ ಕಲಿಸಿದ್ದೇ ತಪ್ಪಾದ
ಗುಲಾಬಬಿ, ಹೊಲಿಗೆ ಶಿಕ್ಷಕಿ, ಲಕ್ಷ್ಮೇಶ್ವರ