ಹಕ್ಕಿ ರೊಟ್ಟಿ

ಹೊಳೆನರಸೀಪುರ
೧೪ ನವೆಂಬರ್ ೨೦೨೫

ಪ್ರೀತಿಯ ಮಾಲಿನಿ,

ಮನೆಯಲ್ಲಿ ಎಲ್ಲರೂ ಕ್ಷೇಮವೇ? ಮಕ್ಕಳು ಎಐ ಕೈಲಿ ಅಸೈನ್‌ಮೆಂಟ್ ಬರೆಸಿದರೆ ಹೇಗೆ ಹಿಡಿಯುತ್ತೀ ಎಂದು ಚನ್ನರಾಯಪಟ್ಟಣದ ನಿನ್ನ ಕಾಲೇಜಿನಿಂದ ನೀನು ಫೋನು ಮಾಡಿ ಕೇಳಿದ್ದೆ. ತಡವಾಯಿತು, ಬೈಯಬೇಡ. ಟೈಪ್ ಮಾಡಹೊರಟರೆ ಫೋನೇ ನನ್ನ ತಪ್ಪು ತಿದ್ದುತ್ತದೆ, ಅದಕ್ಕೇ ಪೆನ್ನು ಹಿಡಿದೆ.

ಹಿಡಿಯುವುದರಲ್ಲಿ ನಾನು ನಿಸ್ಸೀಮಳು ಎಂದುಕೊಂಡಿದ್ದೆ ಕಣೇ. ಎರಡನೇ ಬಿ.ಎ.ಯಲ್ಲಿ ಸೌಜನ್ಯ ಅಂತ ಒಬ್ಬಳಿದ್ದಾಳೆ, ಮಲ್ಲಿಪಟ್ಟಣದ ಕಡೆಯವಳು. ಊರಿನ ಅಡುಗೆಯ ಬಗ್ಗೆ ಬರೆಯಿರಿ ಎಂದಾಗ ‘ನಮ್ಮಜ್ಜಿ ಹಕ್ಕಿ ರೊಟ್ಟಿ ತಟ್ಟುತ್ತಾರೆ’ ಎಂದು ಬರೆದಿದ್ದಳು. ಮಾತಿನಲ್ಲಿ ‘ಹ’ ನುಂಗುವವರು ಬರೆಯುವಾಗ ಹೆದರಿ ಬೇಡದ ಕಡೆಯೂ ಹಾಕುತ್ತಾರೆ, ನನಗೆ ಗೊತ್ತಿಲ್ಲದ್ದೇ? ಗೊತ್ತಿದ್ದೂ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, ಪುಕ್ಕ ಕಿತ್ತು ತಟ್ಟುತ್ತಾರೋ ಪುಕ್ಕದ ಸಮೇತವೋ ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಮುಂದಿನ ಅಸೈನ್‌ಮೆಂಟಿನಲ್ಲಿ ಒಂದೂ ತಪ್ಪಿರಲಿಲ್ಲ. ಇದು ನಿನ್ನದಲ್ಲ, ಎಐ ಬರೆದದ್ದು ಎಂದಾಗ ತಲೆ ತಗ್ಗಿಸಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಳು ಎಂದೇ ತಿಳಿದು ಸೊನ್ನೆ ಕೊಟ್ಟೆ.

ಮಾರನೆಯ ದಿನ ಸ್ಟಾಫ್ ರೂಮಿಗೆ ಬಂದು, ತಾನು ಮೊದಲು ಬರೆದದ್ದನ್ನು ಫೋನಿನಲ್ಲಿ ತೋರಿಸಿದಳು. ವಾಕ್ಯಗಳೆಲ್ಲ ಅವಳವೇ, ಎಐ ತಿದ್ದಿದ್ದು ‘ಹ’ಗಳನ್ನು ಮಾತ್ರ. ನನ್ನನ್ನೇ ಕೇಳಬಹುದಿತ್ತಲ್ಲ ಎಂದೆ.

“ನಿಮ್ನ ಕೇಳಿದ್ರೆ ನಗ್ತಿದ್ರಿ ಮೇಡಂ. ಅದು ನಗಾಕಿಲ್ಲ,” ಎಂದಳು.

ಹಾಸನದ ಹಾಸ್ಟೆಲಿನಲ್ಲಿ ದಂಡಿಗನಹಳ್ಳಿಯ ಈ ರಂಜಿನಿಯ ‘ಹ’ಗಳನ್ನೆಲ್ಲ ಪೆನ್ಸಿಲ್ ಹಿಡಿದು ತಿದ್ದಿದವಳು ನೀನು. ಅದನ್ನು ಯಾರೂ ಕಳ್ಳತನ ಎನ್ನಲಿಲ್ಲ, ನೀನೂ ಒಂದು ದಿನ ನಗಲಿಲ್ಲ. ಅವಳಿಗೆ ನಾನಿದ್ದೆ, ನಾನು ನಕ್ಕುಬಿಟ್ಟೆ.

ಪ್ರಿನ್ಸಿಪಾಲರಿಗೆ ಹೇಳಿ ಸೊನ್ನೆ ತೆಗೆಸಿ, ಪೂರಾ ಅಂಕ ಹಾಕಿಸಿದೆ. ಎಲ್ಲರ ಎದುರಿಗೇ ಕ್ಷಮೆ ಕೇಳಿದೆ. “ಓಗ್ಲಿ ಬುಡಿ ಮೇಡಂ,” ಎಂದಳು. ಹೇಗೆ ಹಿಡಿಯುವುದೆಂದು ಮಾತ್ರ ನನ್ನನ್ನು ಕೇಳಬೇಡ. ಪಕ್ಕದಲ್ಲಿ ಕೂರಿಸಿಕೊಂಡು, ಬರೆದದ್ದನ್ನು ಅವರಿಂದಲೇ ಓದಿಸಿ ಕೇಳು. ನನಗೆ ತೋಚುವುದು ಅಷ್ಟೇ.

ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸು. ಮಗಳು ಸಿದ್ಧಿಗೆ ಒಳ್ಳೆಯದಾಗಲಿ, ನಗದ ಮೇಷ್ಟ್ರುಗಳೇ ಸಿಗಲಿ.

ನಿನ್ನ
ರಂಜಿನಿ

ಮರೆತಿದ್ದೆ: ಹೆಸರು ಕರೆದಾಗ ‘ಹಾಜರು’ ಎಂದೇ ಹೇಳಬೇಕೆಂದು ನನ್ನ ತರಗತಿಯಲ್ಲಿ ನಾನೇ ರೂಢಿ ಮಾಡಿಸಿದ್ದೆ. ಹಿಂದಿನ ಬೆಂಚಿನಿಂದ ಸೌಜನ್ಯ “ಆಜ್ರು ಮೇಡಂ” ಎಂದು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು. ಈಗ ಬರೀ ಕೈ ಎತ್ತುತ್ತಾಳೆ.