ಭಾನುವಾರದ ಬ್ರೆಡ್ಡು

ಮಾರ್ಚ್ ೯, ಮಂಗಳವಾರ. ಈಗಷ್ಟೇ ದರ್ಜಿಯ ಅಂಗಡಿಯಿಂದ ಬಂದೆ.

ಅಕ್ಕಾ,

ಕೋಟಿನ ಸೊಂಟವನ್ನು ಎರಡನೇ ಸಲ ಬಿಗಿ ಮಾಡಿಸಿದೆ. "ಹೀಗೇ ಕರಗಿದ್ರೆ ಕೋಟೊಂದೇ ನಡ್ಕೊಂಡು ಬರುತ್ತೆ ಕಣಮ್ಮ! ನಿಮ್ಮಕ್ಕ ನೋಡಿ ಏನಂದ್ರು?" ಎಂದ ದರ್ಜಿ.

"ಖುಷಿಪಟ್ಟಳು" ಎಂದೆ.

ಈಗ ನಾನೂ ನಿನ್ನಂತೆಯೇ ಮೊಟ್ಟೆ, ಸೊಪ್ಪು, ಮೊಸರು ತಿನ್ನುತ್ತೇನೆ. ಅನ್ನವಿಲ್ಲ, ಸಕ್ಕರೆಯಿಲ್ಲ. ಭಾನುವಾರ ಮಾತ್ರ ಒಂದು ತುಂಡು ಬ್ರೆಡ್ಡು. "ಅದನ್ನೂ ಬಿಟ್ರೆ ತಿಂಗಳೊಳಗೆ ಈ ಪಥ್ಯಾನೇ ಕೈಬಿಡ್ತೀನಿ ಕಣೇ" ಎಂದು ನೀನು ಅದರಲ್ಲೇ ಅರ್ಧ ನನಗೆ ಚಾಚುತ್ತಿದ್ದೆ. "ನೀನೇ ತಿನ್ನು, ಪಾಪ, ವಾರಕ್ಕೊಮ್ಮೆಯಾದ್ರೂ ಮನುಷ್ಯರ ಊಟ" ಎಂದು ನಾನು ನಗುತ್ತಿದ್ದೆ. ಕೊನೆಯ ಸಲ ನೀನು ನಗಲಿಲ್ಲ. ಮರುವಾರ ನೀನು ಬೇರೆ ಮನೆ ನೋಡಿಕೊಂಡು ಹೋದೆ.

ಹನ್ನೊಂದು ಕಿಲೊ ಇಳಿದಿದ್ದೇನೆ. ದರ್ಜಿಯ ಹೊರತು ಯಾರೂ ಗಮನಿಸಿಲ್ಲ.

ಈ ಕಾಗದ ಕಳಿಸುವುದಿಲ್ಲ. ಭಾನುವಾರ ಬ್ರೆಡ್ಡನ್ನು ಎರಡು ಮಾಡಿ, ಅರ್ಧ ಕಟ್ಟಿಕೊಂಡು ನಿನ್ನ ಬಾಗಿಲು ತಟ್ಟುವುದೆಂದು ತೀರ್ಮಾನಿಸಿದ್ದೇನೆ.